ಡೇರೆಯೋ, ಕಾಂಡ್ಲವೋ, ಮುತ್ತುಗವೋ? ಕ್ಯಾಮೆರಾ ಹಿಡಿದು ಉತ್ತರ ಕನ್ನಡಕ್ಕೆ ಹೊರಟವರಿಗೆ

"ಎರಡು ದಿನ ರಜೆ ಇದೆ. ಕ್ಯಾಮೆರಾ ತರ್ತೀನಿ. ಶಿರಸಿ ಕಡೆ ಬರಲೋ, ಕಾರವಾರಕ್ಕೆ ಹೋಗಲೋ?"

ಈ ಪ್ರಶ್ನೆ ನನಗೆ ಆಗಾಗ ಬರುತ್ತದೆ. ನೆಂಟರು, ಗೆಳೆಯರು, ಗೆಳೆಯರ ಗೆಳೆಯರು ಎಲ್ಲರೂ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ ಮಾತು: "ಯಾವ ತಿಂಗಳು?"

ಹುಬ್ಬಳ್ಳಿಯಲ್ಲಿರುವ ನಮ್ಮ ಭಾವನ ಮಗ ಒಮ್ಮೆ ನನ್ನನ್ನು ಕೇಳದೆ ಏಪ್ರಿಲ್‌ನಲ್ಲಿ ಬಂದಿಳಿದ. ಯಾರದೋ ಫೋನಿನಲ್ಲಿ ಶಿರಸಿಯ ಡೇರೆ (ಡಾಲಿಯಾ) ಹೂಗಳ ಫೋಟೋ ನೋಡಿದ್ದನಂತೆ. ಅಮ್ಮ ಅವನನ್ನು ಅಟ್ಟಕ್ಕೆ ಕರೆದುಕೊಂಡು ಹೋಗಿ ಒಂದು ಹಳೇ ಬುಟ್ಟಿ ತೋರಿಸಿದಳು. ಒಣ ಮರಳಲ್ಲಿ ಹುಗಿದಿಟ್ಟ ಡೇರೆ ಗಡ್ಡೆಗಳು. "ತಕಾ, ಇದೇ ನಿನ್ನ ಹೂವು" ಅಂದಳು. ಅವನು ಅದರದ್ದೇ ನಾಲ್ಕು ಫೋಟೋ ತೆಗೆದುಕೊಂಡು ಜಲಪಾತಕ್ಕೆ ಹೋದ. ಅಲ್ಲಿಯೂ ಬಂಡೆಯೇ ಜಾಸ್ತಿ, ನೀರು ಕಮ್ಮಿ.

ನಮ್ಮ ಜಿಲ್ಲೆಯ ಕಷ್ಟ ಅದೇ. ಸಮುದ್ರ, ಘಟ್ಟ, ಅಡಿಕೆ ತೋಟ, ಒಣ ಕಾಡು ಎಲ್ಲ ಒಂದೇ ಜಿಲ್ಲೆಯಲ್ಲಿವೆ. ಆದರೆ ಎಲ್ಲವೂ ಒಂದೇ ತಿಂಗಳಲ್ಲಿ ಚೆನ್ನಾಗಿರುವುದಿಲ್ಲ. ಎರಡು ದಿನದಲ್ಲಿ ಎಲ್ಲವನ್ನೂ ನೋಡುತ್ತೇನೆಂದು ಹೊರಟವರು ಹೆಚ್ಚು ನೋಡುವುದು ಶಿರಸಿ-ಕುಮಟಾ ದಾರಿಯ ದೇವಿಮನೆ ಘಾಟಿನ ತಿರುವುಗಳನ್ನೇ.

ಮೊದಲು ಅಳೆದುಕೊಳ್ಳಿ

ತಿಂಗಳು ಮೊದಲನೆಯದು. ಫೆಬ್ರವರಿ, ಮಾರ್ಚ್ ಅಂದರೆ ಮುತ್ತುಗ, ಬೂರುಗ, ಸುರಗಿ. ಏಪ್ರಿಲ್, ಮೇ ಬಂತೆಂದರೆ ಕಕ್ಕೆ ಮತ್ತು ಹೊಳೆದಾಸವಾಳ. ಮೇ ಕೊನೆಯಿಂದ ಜೂನ್‌ವರೆಗೆ ಮರದ ಮೇಲೆ ಸೀತಾಳೆ ದಂಡೆ ಎಂಬ ಆರ್ಕಿಡ್ ಹೂ. ಜುಲೈ ಪೂರ್ತಿ ಮಳೆಯದ್ದು. ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಡೇರೆ, ಗೌರಿ ಹೂ, ಚಿರೆಕಲ್ಲು (ಜಂಬಿಟ್ಟಿಗೆ ಕಲ್ಲು) ಗುಡ್ಡದ ಪುಟ್ಟ ಹೂಗಳು. ನವೆಂಬರ್‌ನಿಂದ ಜನವರಿಯವರೆಗೆ ಹಕ್ಕಿ, ಮಂಜು, ಕಡಲ ತೀರ.

ಎರಡನೆಯದು, ನಿಮ್ಮ ಹತ್ತಿರ ಯಾವ ಲೆನ್ಸ್ ಇದೆ ಎಂಬುದು. ಕ್ಯಾಮೆರಾದ ಜೊತೆ ಬರುವ 18-55 ಎಂಎಂ ಲೆನ್ಸ್ ಮಾತ್ರ ಇದ್ದರೆ ಹಕ್ಕಿಕೆರೆಗೆ ಹೋಗಿ ಸುಮ್ನೆ ಹೊಟ್ಟೆ ಉರಿಸಿಕೊಳ್ಳಬೇಡಿ. ಅಂಗಳದ ಹೂವಿಗೆ, ಕಾಂಡ್ಲದ (ಅಳಿವೆಯ ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರ) ಬೇರಿಗೆ ಅದು ಧಾರಾಳ ಸಾಕು. ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸ್, 70-300 ಇದ್ದರೆ ಮುತ್ತುಗದ ಮರ, ಹಕ್ಕಿ ಎರಡೂ ಸಿಗುತ್ತವೆ. ಪುಟ್ಟದ್ದನ್ನು ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸ್ ಇದ್ದರೆ ಚಿರೆಕಲ್ಲು ಗುಡ್ಡ. ಮ್ಯಾಕ್ರೋ ಕೊಳ್ಳಲು ದುಡ್ಡಿಲ್ಲವೇ? ಲೆನ್ಸ್ ಮತ್ತು ಕ್ಯಾಮೆರಾ ನಡುವೆ ಹಾಕುವ ಎಕ್ಸ್‌ಟೆನ್ಶನ್ ಟ್ಯೂಬ್ ಒಂದೆರಡು ಸಾವಿರದೊಳಗೆ ಸಿಗುತ್ತದೆ. ನಾನು ಮೂರು ಮಳೆಗಾಲ ಅದರಲ್ಲೇ ಕಳೆದಿದ್ದೇನೆ. ಫೋನ್ ಮಾತ್ರ ಇದ್ದರೂ ಚಿಂತೆಯಿಲ್ಲ, ಅದಕ್ಕೂ ಜಾಗ ಹೇಳುತ್ತೇನೆ.

ಮೂರನೆಯದು ಜೊತೆಗಾರರು. ಮೊಣಕಾಲು ನೋವಿರುವ ಅಪ್ಪ, ಐದು ನಿಮಿಷಕ್ಕೊಮ್ಮೆ ಹಸಿವು ಅನ್ನುವ ಮಗು ಜೊತೆಗಿದ್ದರೆ ಜಾಗದ ಲೆಕ್ಕ ಬೇರೆ. ಫೋಟೋ ತೆಗೆಯುವವರಿಗೆ ಒಂದು ಹೂವಿನ ಮುಂದೆ ಮುಕ್ಕಾಲು ಗಂಟೆ ಏನೂ ಅಲ್ಲ. ಪಕ್ಕದಲ್ಲಿ ಛತ್ರಿ ಹಿಡಿದು ನಿಂತವರಿಗೆ ಅದು ಶಿಕ್ಷೆ.

ಇನ್ನು ಖರ್ಚು. ಕರಾವಳಿಗೆ ಕೊಂಕಣ ರೈಲು ಇದೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಎಲ್ಲ ಕಡೆ ಇಳಿಯಬಹುದು. ಶಿರಸಿಗೆ ರೈಲಿಲ್ಲ. ತಾಳಗುಪ್ಪ ಅಥವಾ ಹಾವೇರಿಯಲ್ಲಿ ಇಳಿದು ಬಸ್ ಹಿಡಿಯಬೇಕು, ಆಮೇಲೆ ಹಳ್ಳಿಗಳನ್ನು ಸುತ್ತಲು ಬೈಕೋ ಬಾಡಿಗೆ ಕಾರೋ ಬೇಕೇ ಬೇಕು. ಒಬ್ಬರೇ ಬಂದರೆ ಘಟ್ಟದ ಮೇಲೆ ದುಬಾರಿ. ನಾಲ್ಕು ಜನ ಕಾರು ಹಂಚಿಕೊಂಡರೆ ಅಷ್ಟೇನಿಲ್ಲ.

ಶಿರಸಿ-ಸಿದ್ದಾಪುರ: ಅಂಗಳದ ಹೂವು

ಪಕ್ಷಪಾತ ಅನ್ನಿ ಬೇಕಾದರೆ. ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್‌ನಲ್ಲಿ ಬರುವವರಿಗೆ ನಾನು ಕಣ್ಣು ಮುಚ್ಚಿ ಹೇಳುವ ಜಾಗ ಇದು.

ಡೇರೆ ಅಂದರೆ ಡಾಲಿಯಾ. ಹುಟ್ಟೂರು ಮೆಕ್ಸಿಕೋ ಆದರೂ ನಮ್ಮ ಹೆಂಗಸರ ಕೈಯಲ್ಲಿ ಅದು ಪೂರ್ತಿ ಮಲೆನಾಡಿನದ್ದೇ ಆಗಿಬಿಟ್ಟಿದೆ. ಮಳೆ ಶುರುವಾಗುವ ಹೊತ್ತಿಗೆ ಗಡ್ಡೆ ನೆಡುತ್ತಾರೆ. ಗಿಡ ಎದ್ದ ಮೇಲೆ ಕೋಲು ಊರಿ ಬಾಳೆಪಟ್ಟೆಯಲ್ಲಿ ಕಟ್ಟುತ್ತಾರೆ. ಚೌತಿ ಹೊತ್ತಿಗೆ ಅಂಗಳದ ಅಂಚಿನಲ್ಲಿ ಊಟದ ಬಟ್ಟಲಿನಷ್ಟು ದೊಡ್ಡ ಹೂಗಳು. ಬಿಳಿ, ಕೆನ್ನೇರಳೆ, ಹಳದಿ, ತುದಿ ಮಾತ್ರ ಬಿಳಿಯಾದ ಕೆಂಪು. ಗಡ್ಡೆ ಮನೆಯಿಂದ ಮನೆಗೆ ಓಡಾಡುತ್ತದೆ. ಹಾಗಾಗಿ ಒಂದು ಕೇರಿಯಲ್ಲಿ ನೋಡಿದ ಬಣ್ಣ ಆ ಕೇರಿಯ ಮಗಳು ಮದುವೆಯಾಗಿ ಹೋದ ಊರಲ್ಲೂ ಸಿಗುತ್ತದೆ.

ಕ್ಯಾಮೆರಾದವರಿಗೆ ಇದರಲ್ಲೊಂದು ಮೋಸವಿದೆ. ಕೆಂಪು ಡೇರೆಯನ್ನು ಆಟೋದಲ್ಲಿ ತೆಗೆದರೆ ಎಸಳಿನ ಗೆರೆಗಳೆಲ್ಲ ಮಾಯವಾಗಿ ಕುಂಕುಮ ಚೆಲ್ಲಿದ ಹಾಗೆ ಬರುತ್ತದೆ. ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಅರ್ಧದಿಂದ ಒಂದು ಸ್ಟಾಪ್ ಇಳಿಸಿ, ಮೋಡ ಮುಚ್ಚಿದ ಬೆಳಕಿನಲ್ಲಿ ತೆಗೆಯಿರಿ. ಬಿಸಿಲು ಬಂತೆಂದರೆ ಕಾಯಿರಿ, ನಮ್ಮಲ್ಲಿ ಮೋಡಕ್ಕೇನು ಬರವಿಲ್ಲ. ಮಳೆ ನಿಂತ ಹತ್ತು ನಿಮಿಷ ಎಲ್ಲಕ್ಕಿಂತ ಚೆನ್ನ. ಎಸಳು ಎಸಳಲ್ಲೂ ನೀರು ನಿಂತಿರುತ್ತದೆ, ಹೂವು ಭಾರಕ್ಕೆ ಸ್ವಲ್ಪ ತಲೆ ತಗ್ಗಿಸಿರುತ್ತದೆ. ಫೋನಿನಲ್ಲೂ ಇದು ಚೆನ್ನಾಗಿ ಬರುತ್ತದೆ.

ಒಂದು ಮಾತು. ಅದು ಅವರ ಮನೆ ಅಂಗಳ, ಪಾರ್ಕಲ್ಲ. ದಣಪೆಯ (ಬೇಲಿಯ ಬಾಗಿಲು) ಆಚೆ ನಿಂತು "ಅಮ್ಮಾ, ಹೂವಿನ ಫೋಟೋ ತೆಗೀಲಾ?" ಎಂದು ಕೇಳಿ. ಬೇಡ ಅನ್ನುವವರು ತೀರಾ ಕಮ್ಮಿ. ಹೆಚ್ಚಾಗಿ "ಆಸರಿಗೆ ಎಂತ ಬೇಕು?" ಎಂಬ ಪ್ರಶ್ನೆ ಬರುತ್ತದೆ. ಕಷಾಯ ಕುಡಿದು ಏಳುವಷ್ಟರಲ್ಲಿ ಬೆಳಕು ಹೋಗಿರುತ್ತದೆ. ಅದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಚೌತಿ ವಾರದಲ್ಲಿ ಬಂದರೆ ಇನ್ನೊಂದು ಲಾಭ. ಗಣಪನ ಮೇಲೆ ಕಟ್ಟುವ ಫಲಾವಳಿಗೆ ಜನ ಕಾಡಿನ ಕಾಯಿ, ಹೂ ತರುತ್ತಾರೆ. ಬೇಲಿ ಮೇಲೆ ಬೆಂಕಿಯ ನಾಲಿಗೆಯಂತೆ ಅರಳುವ ಗೌರಿ ಹೂವೂ ಆಗಲೇ ಸಿಗುವುದು. ಅದು ಮೊದಲು ಹಳದಿ-ಹಸಿರು, ಆಮೇಲೆ ತುದಿಯಿಂದ ಕೆಂಪು. ಒಂದೇ ಬಳ್ಳಿಯಲ್ಲಿ ಮೂರು ದಿನದ ಮೂರು ಹೂಗಳನ್ನು ಒಂದೇ ಫ್ರೇಮಿನಲ್ಲಿ ಹಿಡಿಯಬಹುದು. ಗಡ್ಡೆ ವಿಷ, ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ.

ಹಕ್ಕಿ ಬೇಕೆನ್ನುವವರಿಗೆ ಸೋಂದಾದ ಮುಂಡಿಗೆಕೆರೆ ಹತ್ತಿರವೇ ಇದೆ. ಮಳೆಗಾಲದಲ್ಲಿ ಬಿಳಿ ಕೆಂಬರಲುಗಳು (ಐಬಿಸ್ ಹಕ್ಕಿ) ಕೆರೆಯ ಮುಂಡಿಗೆ ಪೊದೆಗಳ ಮೇಲೆ ಗೂಡು ಕಟ್ಟುತ್ತವೆ. ಬಿಳಿ ಹಕ್ಕಿ, ಕಡು ಹಸಿರು ಹಿನ್ನೆಲೆ. ಇಲ್ಲೂ ಎಕ್ಸ್‌ಪೋಷರ್ ಇಳಿಸಲೇಬೇಕು. 300 ಎಂಎಂ ಇಲ್ಲದಿದ್ದರೆ ಕ್ಯಾಮೆರಾ ಚೀಲದಲ್ಲಿಟ್ಟು ದುರ್ಬೀನಿನಲ್ಲಿ ನೋಡಿ ಬನ್ನಿ. ಶಾಲ್ಮಲಾ ನದಿಯ ಸಹಸ್ರಲಿಂಗಕ್ಕೆ ಮಾತ್ರ ಆಗ ಹೋಗಬೇಡಿ. ಲಿಂಗಗಳೆಲ್ಲ ನೀರಿನಡಿ ಇರುತ್ತವೆ, ಬಂಡೆ ಜಾರುತ್ತದೆ. ಅದಕ್ಕೆ ಡಿಸೆಂಬರ್ ನಂತರ ಬನ್ನಿ.

ಅಘನಾಶಿನಿ ನದಿಯ ಉಂಚಳ್ಳಿ ಜಲಪಾತ, 116 ಮೀಟರ್ ಎತ್ತರದ್ದು, ಇದೇ ಸುತ್ತಿನಲ್ಲಿ ಬರುತ್ತದೆ. ಮಳೆಗಾಲದಲ್ಲಿ ಎರಡರಲ್ಲಿ ಒಂದು ಸಲ ಬರೀ ಮಂಜು ಕಾಣುತ್ತದೆ, ಕಿವಿಗೆ ಸದ್ದು ಮಾತ್ರ. ಅಕ್ಟೋಬರ್ ಒಳ್ಳೆಯದು. ನಿಜ ಹೇಳಬೇಕೆಂದರೆ ಜಲಪಾತದ ಫೋಟೋ ಎಲ್ಲರದ್ದೂ ಒಂದೇ ಥರ ಬರುತ್ತದೆ, ಎಲ್ಲರೂ ನಿಲ್ಲುವುದು ಒಂದೇ ಕಟ್ಟೆಯ ಮೇಲೆ ಅಲ್ವಾ?

ಈ ಕಡೆಯ ತೊಂದರೆ ಎರಡು: ಉಂಬಳ (ಜಿಗಣೆ) ಮತ್ತು ತೇವ. ಉಂಬಳಕ್ಕೆ ಸುಣ್ಣ, ಉಪ್ಪು ಇದೆ. ತೇವದ್ದು ದೊಡ್ಡ ಕಥೆ. ನನ್ನ ಮೊದಲ 70-300 ಲೆನ್ಸನ್ನು ಒಂದು ಜುಲೈನಲ್ಲಿ ಚರ್ಮದ ಚೀಲದಲ್ಲಿ ಹಾಕಿ ಕಪಾಟಿನಲ್ಲಿ ಇಟ್ಟಿದ್ದೆ. ಸೆಪ್ಟೆಂಬರ್‌ನಲ್ಲಿ ತೆಗೆದರೆ ಗಾಜಿನೊಳಗೆ ಜೇಡನ ಬಲೆಯಂಥ ಬಿಳಿ ಎಳೆ. ಫಂಗಸ್. ರಿಪೇರಿ ಖರ್ಚಿಗೆ ಹಳೇ ಲೆನ್ಸ್ ಇನ್ನೊಂದು ಬರುತ್ತಿತ್ತು. ಅಮ್ಮ ಅಂದಳು, "ಹಪ್ಪಳದ ಡಬ್ಬಿಲಿ ಹಾಕಿಡು ಮಾರಾಯ, ಅದ್ಕಿಂತ ಬೆಚ್ಚನೆ ಜಾಗ ಈ ಮನೇಲಿ ಇಲ್ಲೆ." ಈಗ ನಿಜಕ್ಕೂ ಹಾಗೇ ಮಾಡುತ್ತೇನೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೆ ಒಂದು ಹಲಸಿನ ಹಪ್ಪಳದ ಚೂರು. ಹಪ್ಪಳ ಮೆತ್ತಗಾಯಿತೆಂದರೆ ಜೆಲ್ ಬಿಸಿ ಮಾಡಿ ಒಣಗಿಸುವ ಹೊತ್ತಾಯಿತು ಅಂತ ಅರ್ಥ. ಎರಡು ದಿನಕ್ಕೆ ಬರುವವರಿಗೆ ಇಷ್ಟೆಲ್ಲ ಬೇಡ. ಊರಿಗೆ ಹೋದ ಕೂಡಲೇ ಒದ್ದೆ ಚೀಲದಿಂದ ಕ್ಯಾಮೆರಾ ಹೊರಗೆ ತೆಗೆದಿಡಿ, ಸಾಕು.

ಹೊನ್ನಾವರ-ಭಟ್ಕಳದ ಚಿರೆಕಲ್ಲು ಗುಡ್ಡ: ಹೊಟ್ಟೆ ಮೇಲೆ ಮಲಗುವವರಿಗೆ

ಬೇಸಿಗೆಯಲ್ಲಿ ಈ ಗುಡ್ಡಗಳ ತಲೆ ಸುಟ್ಟ ಕಾವಲಿಯ ಹಾಗಿರುತ್ತದೆ. ಕೆಂಪು ಕಲ್ಲು, ಒಣ ಹುಲ್ಲು, ಅಷ್ಟೇ. ಮಳೆ ಬಿದ್ದು ಒಂದೂವರೆ ತಿಂಗಳಾದ ಮೇಲೆ ಅದೇ ಕಲ್ಲಿನ ಮೇಲೆ ಬೆರಳು ದಪ್ಪದ ಮಣ್ಣಿನಲ್ಲಿ ನೇರಳೆ ಬಣ್ಣ ಹರಡುತ್ತದೆ. ಹತ್ತಿರ ಹೋದರೆ ಒಂದೊಂದು ಹೂವು ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಇದು ಯೂಟ್ರಿಕ್ಯುಲೇರಿಯಾ. ಕಲ್ಲಿನ ಮೇಲಿನ ಮಣ್ಣಿನಲ್ಲಿ ಸಾರವಿಲ್ಲ. ಅದಕ್ಕೇ ಈ ಗಿಡ ಬುಡದಲ್ಲಿ ಪುಟಾಣಿ ಚೀಲಗಳನ್ನಿಟ್ಟುಕೊಂಡು ನೀರಲ್ಲಿರುವ ಸೂಕ್ಷ್ಮ ಜೀವಿಗಳನ್ನು ಹಿಡಿದು ತಿನ್ನುತ್ತದೆ. ಅದರ ಪಕ್ಕದಲ್ಲೇ ಡ್ರಾಸೆರಾ ಎಂಬ ಇನ್ನೊಂದು ಬೇಟೆಗಾರ ಸಿಗಬಹುದು. ಎಲೆಯ ಕೂದಲುಗಳ ತುದಿಯಲ್ಲಿ ಅಂಟಿನ ಹನಿ, ಹನಿಯಲ್ಲಿ ಸಿಕ್ಕಿಬಿದ್ದ ಸೊಳ್ಳೆ. ಬೆಳಗಿನ ಓರೆ ಬಿಸಿಲಿನಲ್ಲಿ ಆ ಹನಿಗಳ ಮೇಲೆ ಫೋಕಸ್ ಮಾಡಿದರೆ ಆ ದಿನದ ಕೆಲಸ ಮುಗಿದ ಹಾಗೆ.

ಇದಕ್ಕೆ ಬೇಕಾದ್ದು ಮ್ಯಾಕ್ರೋ ಲೆನ್ಸ್ ಅಥವಾ ಟ್ಯೂಬ್, ಒಂದು ಖಾಲಿ ಗೊಬ್ಬರದ ಚೀಲ ಮತ್ತು ನಾಚಿಕೆ ಬಿಡುವ ಧೈರ್ಯ. ಚೀಲ ಹಾಸಿ ಅದರ ಮೇಲೆ ಬೋರಲು ಮಲಗಬೇಕು. ದನ ಮೇಯಿಸಲು ಬಂದವರು "ಎಂತ ಕಳದೋಯ್ತು?" ಎಂದು ಕೇಳಿಯೇ ಕೇಳುತ್ತಾರೆ. ನನಗೆ ಒಬ್ಬರು ಅರ್ಧ ಗಂಟೆ ಜೊತೆಗೆ ಹುಡುಕಿಯೂ ಕೊಟ್ಟಿದ್ದಾರೆ.

ಹೂವು ಪೂರ್ತಿ ಸ್ಪಷ್ಟ ಬರಲೆಂದು ಅಪರ್ಚರ್ ಎಫ್ 8 ಅಥವಾ 11ಕ್ಕೆ ಇಟ್ಟರೂ ಹೂವನ್ನು ಅಲುಗಿಸುವ ಗಾಳಿ ಬಿಡುವುದಿಲ್ಲ. ಕಡಲ ಕಡೆಯ ಗಾಳಿ ಹತ್ತು ಗಂಟೆ ಮೇಲೆ ಜೋರಾಗುತ್ತದೆ, ಅಷ್ಟರೊಳಗೆ ಮುಗಿಸಿ. ಮಕ್ಕಳು, ಮುದುಕರು ಜೊತೆಗಿದ್ದರೆ ಈ ಜಾಗ ಬೇಡ. ಮರದ ನೆರಳಿಲ್ಲ, ಅಂಗಡಿಯಿಲ್ಲ, ನೋಡಲು ದೊಡ್ಡದಾಗಿ ಏನೂ ಇಲ್ಲ. ಖರ್ಚಿನಲ್ಲಿ ಮಾತ್ರ ಇದು ಎಲ್ಲಕ್ಕಿಂತ ಅಗ್ಗ. ಹೊನ್ನಾವರದಲ್ಲಿ ರೈಲು ಇಳಿದರೆ ರಿಕ್ಷಾ ಸಾಕು. ಹೂವನ್ನು ತುಳಿಯದಂತೆ ಬರಿಗಲ್ಲಿನ ಮೇಲೆ ಕಾಲಿಡುತ್ತಾ ಹೋಗಿ. ಬಹಳ ಗುಡ್ಡಗಳು ಖಾಸಗಿ, ಕೆಲವು ಕಡೆ ಕಲ್ಲು ಕಡಿಯುತ್ತಾರೆ. ಹೋದ ವರ್ಷ ಹೂವಿದ್ದಲ್ಲಿ ಈ ವರ್ಷ ಹೊಂಡ ಇರಬಹುದು. ನನಗೇ ಹಾಗೆ ಒಮ್ಮೆ ಆಗಿದೆ.

ಕಾರವಾರ ಮತ್ತು ಕಾಂಡ್ಲ

ಫೋನ್ ಮಾತ್ರ ಇರುವವರು, ಮಕ್ಕಳ ಜೊತೆ ಬರುವವರು, ಚಳಿಗಾಲದಲ್ಲಿ ಮಾತ್ರ ರಜೆ ಸಿಗುವವರು ಕಾರವಾರಕ್ಕೆ ಹೋಗಿ. ರೈಲಿದೆ, ಊಟಕ್ಕೆ ತೊಂದರೆಯಿಲ್ಲ, ನಡೆಯಲು ಸಮತಟ್ಟು ಜಾಗ. ಕಾಳಿ ನದಿ ಸಮುದ್ರ ಸೇರುವಲ್ಲಿ ಕಾಂಡ್ಲದ ನಡುವೆ ನಡಿಗೆ ದಾರಿ ಮಾಡಿದ್ದಾರೆ. ಹೊನ್ನಾವರದಲ್ಲಿ ಶರಾವತಿ ಬದಿಗೂ ಇಂಥದ್ದೊಂದಿದೆ. ಎರಡರಲ್ಲಿ ಯಾವುದು? ಕಾಂಡ್ಲ ಮಾತ್ರ ನೋಡುವುದಾದರೆ ನನಗೆ ಶರಾವತಿಯದ್ದೇ ಇಷ್ಟ. ಸಂಜೆ ಸಮುದ್ರ, ಸದಾಶಿವಗಡದ ಗುಡ್ಡ, ದೋಣಿಗಳೂ ಬೇಕೆಂದರೆ ಕಾಳಿ.

ಇಲ್ಲಿ ಬೆಳಕಿಗಿಂತ ಮೊದಲು ನೋಡಬೇಕಾದ್ದು ಭರತ-ಇಳಿತ. ನೀರು ತುಂಬಿದಾಗ ಹೋದರೆ ಹಸಿರು ಗೋಡೆ ಮಾತ್ರ ಕಾಣುತ್ತದೆ. ಇಳಿದಾಗ ಹೋದರೆ ಜೇಡನ ಕಾಲಿನಂಥ ಬೇರುಗಳು, ಕೆಸರಿನಿಂದ ಮೇಲೆದ್ದ ಉಸಿರು ಬೇರುಗಳು, ಒಂದೇ ಕೊಂಬು ದೊಡ್ಡದಿರುವ ಏಡಿಗಳು. ದಿನಕ್ಕೆರಡು ಇಳಿತ, ಮಾರನೇ ದಿನ ಸುಮಾರು 50 ನಿಮಿಷ ತಡ. ಹೊರಡುವ ಮೊದಲು ವೇಳೆ ನೋಡಿಕೊಳ್ಳಿ. ಕಾಂಡ್ಲದ ಕೊಂಬೆಯಲ್ಲಿ ನುಗ್ಗೆಕಾಯಿಯಂತೆ ಜೋತಾಡುವುದು ಕಾಯಲ್ಲ, ಮರದಲ್ಲೇ ಮೊಳೆತ ಸಸಿ. ಅದು ಕಳಚಿ ಕೆಸರಿಗೆ ಚುಚ್ಚಿಕೊಂಡು ಬೇರು ಬಿಡುತ್ತದೆ. ಮೇಲಿನಿಂದ ಜೋತಾಡುವ ಸಸಿ, ಕೆಳಗೆ ನೆಟ್ಟಗೆ ನಿಂತ ಸಸಿ ಎರಡೂ ಒಂದೇ ಚೌಕಟ್ಟಿನಲ್ಲಿ ಸಿಕ್ಕರೆ ಬಿಡಬೇಡಿ. ಪೋಲರೈಸರ್ ಫಿಲ್ಟರ್ ಇದ್ದರೆ ಲೆನ್ಸಿಗೆ ಹಾಕಿ, ಎಲೆಯ ಹೊಳಪು ಇಳಿಯುತ್ತದೆ.

ಹೂವಿನ ಲೆಕ್ಕದಲ್ಲಿ ಕರಾವಳಿ ಬಡವ ಎಂದೇ ಹೇಳಬೇಕು. ಮರಳ ಮೇಲೆ ಹಬ್ಬುವ ಒಂದು ಬಳ್ಳಿ ಇದೆ. ಎಲೆ ಆಡಿನ ಗೊರಸಿನಂತೆ, ಹೂವು ತಿಳಿ ನೇರಳೆ. ಬೆಳಿಗ್ಗೆ ಅರಳಿ ಬಿಸಿಲೇರಿದಂತೆ ಮುದುಡುತ್ತದೆ. ಕಡಲ ಅಂಚಿನಲ್ಲಿ ಬಗ್ಗಿ ವೈಡ್ ಆಗಿ ತೆಗೆದರೆ ಹಿಂದೆ ಅಲೆ, ಮುಂದೆ ಹೂ. ಇನ್ನು ಸುರಗಿ. ಫೆಬ್ರವರಿ, ಮಾರ್ಚ್‌ನಲ್ಲಿ ಕರಾವಳಿಯ ಸಂತೆಗಳಲ್ಲಿ ದಂಡೆ ಕಟ್ಟಿ ಮಾರುತ್ತಾರೆ. ಅದರ ಫೋಟೋ ತೆಗೆದು ಏನೂ ಪ್ರಯೋಜನವಿಲ್ಲ, ಪರಿಮಳ ಬರುವುದಿಲ್ಲವಲ್ಲ. ಒಂದು ದಂಡೆ ಕೊಂಡುಬಿಡಿ.

ಎಚ್ಚರಿಕೆ ಒಂದಿದೆ. ಅರ್ಗಾ ಸುತ್ತ ನೌಕಾನೆಲೆ ಇದೆ. ಆ ಕಡೆ ಕ್ಯಾಮೆರಾ ತಿರುಗಿಸಬೇಡಿ, ಡ್ರೋನ್ ಅಂತೂ ಊರಿನಲ್ಲೇ ಬಿಟ್ಟು ಬನ್ನಿ. ಹಳೇ ಫೋಟೋಗಳಲ್ಲಿ ಕಾಳಿ ನದಿಗೆ ಅಕ್ಕಪಕ್ಕ ಎರಡು ಸೇತುವೆ ಕಾಣುತ್ತವೆ. 2024ರ ಆಗಸ್ಟ್‌ನಲ್ಲಿ ಹಳೆಯದು ಕುಸಿಯಿತು, ಹಾಗಾಗಿ ಆ ಫ್ರೇಮ್ ಹುಡುಕಬೇಡಿ. ಅದೇ ವರ್ಷ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿದ್ದದ್ದು ನಮಗ್ಯಾರಿಗೂ ಮರೆತಿಲ್ಲ. ಜೋರು ಮಳೆಯಲ್ಲಿ ಈ ದಾರಿಯಲ್ಲಿ ಫೋಟೋಗೆಂದು ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಬೇಡಿ.

ಕುಮಟಾದ ಅಘನಾಶಿನಿ ಅಳಿವೆ 2024ರಲ್ಲಿ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿ ಸೇರಿದೆ. ಅಲ್ಲಿ ಹೂವಿಗಿಂತ ಜನರೇ ಚೆನ್ನ. ಇಳಿತದ ಹೊತ್ತಿಗೆ ಚಿಪ್ಪಿಕಲ್ಲು ಹೆಕ್ಕಲು ಸೊಂಟದ ನೀರಿಗೆ ಇಳಿದ ಹೆಂಗಸರು. ಕೇಳಿ ತೆಗೆಯಿರಿ.

ಮುಂಡಗೋಡ-ಹಳಿಯಾಳ: ಎಲೆಯಿಲ್ಲದ ಕಾಡು

ಮಲೆನಾಡು ಅಂದರೆ ಹಸಿರು ಎಂದುಕೊಂಡವರು ಇತ್ತ ಬರುವುದೇ ಇಲ್ಲ. ಫೆಬ್ರವರಿ ಕೊನೆಯಲ್ಲಿ ಎಲೆ ಪೂರ್ತಿ ಉದುರಿದ ಮುತ್ತುಗದ ಮರ ಬುಡದಿಂದ ತುದಿವರೆಗೆ ಕೇಸರಿ. ಬೆಳಿಗ್ಗೆ ಏಳಕ್ಕೆ ನೀಲಿ ಆಕಾಶ ಹಿಂದಿಟ್ಟುಕೊಂಡು ನಿಂತರೆ ಮೈನಾ, ಗಿಳಿ, ಸೂರಕ್ಕಿಗಳು ಜಗಳವಾಡುತ್ತಾ ಬರುತ್ತವೆ. ನೀವು ಹಕ್ಕಿ ಹುಡುಕುವುದೇ ಬೇಡ, ಒಂದು ಹೂಗೊಂಚಲಿಗೆ ಫೋಕಸ್ ಮಾಡಿ ಕಾಯಿರಿ. ಮುಂಡಗೋಡ ತಾಲೂಕಿನ ಅತ್ತಿವೇರಿ ಪಕ್ಷಿಧಾಮವನ್ನೂ ಅದೇ ದಿನ ಸೇರಿಸಬಹುದು. ಹುಬ್ಬಳ್ಳಿಯವರಿಗೆ ಇದೇ ಹತ್ತಿರ, ಒಂದೇ ದಿನದಲ್ಲಿ ಹೋಗಿ ಬರುವಂಥದ್ದು. ಮಳೆಯಿಲ್ಲ, ಉಂಬಳವಿಲ್ಲ. ಆದರೆ ಹತ್ತು ಗಂಟೆ ಮೇಲೆ ಬಿಸಿಲು ಸುಡುತ್ತದೆ, ಹೂವಿನ ಬಣ್ಣವೂ ಸತ್ತ ಹಾಗೆ ಬರುತ್ತದೆ.

ದಾಂಡೇಲಿ, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸಫಾರಿಯನ್ನು ನಾನು ಈ ಸಾಲಿಗೆ ಸೇರಿಸುವುದಿಲ್ಲ. ಖರ್ಚು ಜಾಸ್ತಿ, ಜೀಪು ನಿಮಗಾಗಿ ಹೂವಿನ ಮುಂದೆ ನಿಲ್ಲುವುದಿಲ್ಲ. ಮಂಗಟ್ಟೆ ಹಕ್ಕಿಯೇ ಬೇಕು ಎಂದರೆ ಮಾತ್ರ ಹೋಗಿ. ಯಾಣವೂ ಅಷ್ಟೇ. 120 ಮೀಟರ್ ಎತ್ತರದ ಕಪ್ಪು ಶಿಲೆ ನೋಡಲು ಅದ್ಭುತ, ಹೂವಿಗೆಂದು ಹೋಗುವ ಜಾಗವಲ್ಲ.

ಹಾಗಾದರೆ ನೀವು ಎಲ್ಲಿಗೆ?

ಕೈಯಲ್ಲಿ ಫೋನ್, ಜೊತೆಗೆ ಮನೆಯವರು, ರಜೆ ಡಿಸೆಂಬರ್‌ನಲ್ಲಿ: ಕಾರವಾರ, ಎರಡನೇ ಯೋಚನೆ ಬೇಡ. ಒಬ್ಬರೇ, ಟ್ಯೂಬ್ ಹಾಕಿದ ಕ್ಯಾಮೆರಾ, ಜೇಬಿನಲ್ಲಿ ರೈಲು ಟಿಕೆಟಿನಷ್ಟು ದುಡ್ಡು, ತಿಂಗಳು ಸೆಪ್ಟೆಂಬರ್: ಹೊನ್ನಾವರದ ಗುಡ್ಡ. ಟೆಲಿ ಲೆನ್ಸ್ ಕೊಂಡು ಕೈ ತುರಿಸುತ್ತಿದೆ, ಒಂದೇ ಭಾನುವಾರ ಬಿಡುವು, ಮಾರ್ಚ್ ಹತ್ತಿರ: ಮುಂಡಗೋಡ. ಮೂರು ನಾಲ್ಕು ಜನ, ಒಂದು ಕಾರು, ಚೌತಿ ಮುಗಿದ ವಾರ, ಮಳೆಗೆ ಹೆದರದವರು: ಶಿರಸಿ-ಸಿದ್ದಾಪುರ. ಮೇ ರಜೆಯೊಂದೇ ಇರುವವರು ತಿಂಗಳ ಕೊನೆಗೆ ತಳ್ಳಿಕೊಂಡು ಬನ್ನಿ, ಮಳೆ ಹನಿಯುವ ಹೊತ್ತಿಗೆ ಹಳೇ ಹಲಸು, ಮಾವಿನ ಮರಗಳಲ್ಲಿ ಸೀತಾಳೆ ದಂಡೆ ನೋಡಬಹುದು. ಅದನ್ನು ಕೀಳಬೇಡಿ. ಮರದಲ್ಲಿದ್ದರೆ ವಾರ ಬಾಳುತ್ತದೆ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಧ್ಯಾಹ್ನಕ್ಕೇ ಬಾಡುತ್ತದೆ.

ಎರಡು ಜಾಗದ ನಡುವೆ ಇನ್ನೂ ಮನಸ್ಸು ಹೊಯ್ದಾಡುತ್ತಿದ್ದರೆ, ಕುಮಟಾದಿಂದ ಶಿರಸಿಗೆ ಸುಮಾರು 60 ಕಿ.ಮೀ. ಸೆಪ್ಟೆಂಬರ್‌ನ ಶನಿವಾರ ಬೆಳಿಗ್ಗೆ ಗುಡ್ಡ, ಮಧ್ಯಾಹ್ನ ಘಾಟಿ, ಭಾನುವಾರ ಡೇರೆ. ಈ ಒಂದು ಜೋಡಿ ಮಾತ್ರ ಎರಡು ದಿನದಲ್ಲಿ ಸರಿಹೋಗುತ್ತದೆ. ಘಾಟಿ ತೆರೆದಿದೆಯಾ ಅಂತ ಮೊದಲು ಯಾರನ್ನಾದರೂ ಕೇಳಿಕೊಳ್ಳಿ.

ಭಾವನ ಮಗ ಆಮೇಲೆ ಸೆಪ್ಟೆಂಬರ್‌ನಲ್ಲಿ ಮತ್ತೆ ಬಂದ. ಹೂವಿನ ಇನ್ನೂರು ಫೋಟೋ ತೆಗೆದ. ಹೊರಡುವಾಗ ಒಂದು ಗಡ್ಡೆ ಕೊಡಿ ಎಂದು ಅಮ್ಮನನ್ನು ಕೇಳಿದ. "ಈಗ ಕಿತ್ರೆ ಗಿಡ ಸಾಯ್ತು, ಗಿಡ ಒಣಗಿದ ಮೇಲೆ ಬಾ" ಅಂದಳು ಅಮ್ಮ.